ನಿಲ್ಲಿಸುವ ಅಡಿಯನ್ನು ಬೋರ್ ಗಾಡಿ ಬರುವ ಮುಂಚೆಯೇ ಬರೆದಿಡಿ

ಮಾನ್ಯ ಸಂಪಾದಕರೇ,

ರಾತ್ರಿ ಎರಡು ಗಂಟೆ. ಹೊಲದ ನಡುವೆ ಬೋರ್ ಗಾಡಿಯ ದೀಪ ಉರಿಯುತ್ತಿದೆ. 580 ಅಡಿ ಆಗಿದೆ, ಮೇಲೆ ಬರುತ್ತಿರುವುದು ಒಣ ಬಿಳಿ ಪುಡಿ. ಮನೆಯವರು ಟವೆಲು, ಸೆರಗು ಮೂಗಿಗೆ ಕಟ್ಟಿಕೊಂಡು ನಿಂತಿದ್ದಾರೆ. ಡ್ರಿಲ್ಲರ್ ಮೆಷಿನ್ ನಿಧಾನ ಮಾಡಿ ಕೇಳುತ್ತಾನೆ: "ಏನ್ ಮಾಡೋಣ ಅಣ್ಣಾ, ಇನ್ನೊಂದ್ ಐದ್ ರಾಡ್ ಬಿಡೋಣ್ವಾ?" ಐದು ರಾಡ್ ಎಂದರೆ ಇನ್ನೂ ಸುಮಾರು ನೂರು ಅಡಿ. ಯಜಮಾನ ಹೆಂಡತಿಯ ಮುಖ ನೋಡುತ್ತಾನೆ, ಆಮೇಲೆ ಗಾಡಿ ಗೊತ್ತುಮಾಡಿದ ಏಜೆಂಟನ ಮುಖ ನೋಡುತ್ತಾನೆ. ಅರ್ಧ ನಿಮಿಷದಲ್ಲಿ ಉತ್ತರ ಬರುತ್ತದೆ: "ಬಿಡಪ್ಪಾ, ಇಷ್ಟ್ ಆಗಿದ್ಯಲ್ಲ."

ಬಯಲುಸೀಮೆಯ ಊರುಗಳಲ್ಲಿ ಫೆಬ್ರವರಿಯಿಂದ ಮೇ ತನಕ ಈ ಮಾತುಕತೆ ನಡೆಯದ ರಾತ್ರಿ ಇಲ್ಲ. ಹೋರಿ ಕೊಳ್ಳುವಾಗ ಹಲ್ಲು ಎಣಿಸಿ, ಸುಳಿ ನೋಡಿ, ಮೂರು ಸಂತೆ ತಿರುಗುವ ರೈತ ಒಂದೂವರೆ ಲಕ್ಷದ ಬೋರಿನ ವಿಷಯಕ್ಕೆ ಬಂದಾಗ ಅರ್ಧ ನಿಮಿಷದಲ್ಲಿ ಹೂಂ ಎನ್ನುತ್ತಾನೆ. ಅವನಿಗೆ ಬುದ್ಧಿ ಕಡಿಮೆಯಾಗಿ ಹೀಗಾಗುವುದಲ್ಲ. ತೀರ್ಮಾನವನ್ನು ಎಲ್ಲಿ, ಯಾವ ಹೊತ್ತಿನಲ್ಲಿ ಮಾಡುತ್ತಿದ್ದಾನೆ ಎಂಬುದೇ ತಪ್ಪಾಗಿದೆ. ಗಾಡಿ ಪಕ್ಕದಲ್ಲಿ ಗುಡುಗುತ್ತಿರುವಾಗ, ತೋಟ ಒಣಗುತ್ತಿರುವಾಗ, ಅದಾಗಲೇ ಅರವತ್ತು ಸಾವಿರ ನೆಲದೊಳಗೆ ಹೋಗಿರುವಾಗ ಯಾರೂ ಸರಿಯಾಗಿ ಯೋಚಿಸಲಾರರು. ಅಂತರ್ಜಲ ಮತ್ತು ಪಂಪಿನ ಕೆಲಸ ಬಲ್ಲವರಾಗಿ ನಾವು ಹೇಳಬೇಕಾದ್ದು ಮುಖ್ಯವಾಗಿ ಒಂದೇ. ಎಲ್ಲಿಗೆ ನಿಲ್ಲಿಸಬೇಕು ಎಂಬ ಅಡಿಯನ್ನು ಗಾಡಿ ಬರುವ ಮುಂಚೆ, ಹಗಲಿನಲ್ಲಿ, ಮನೆಯವರೆಲ್ಲ ಕೂತು ಕಾಗದದ ಮೇಲೆ ಬರೆದಿಡಬೇಕು. ಅದನ್ನು ಬರೆಯುವುದು ಹೇಗೆ ಎಂದು ತಿಳಿಸಲು ಈ ಪತ್ರ.

ಮೊದಲು ದುಡ್ಡಿನ ಲೆಕ್ಕ. ಬೋರಿನ ದರ ಅಡಿಗೆ ಇಷ್ಟು ಎಂದು ಕೇಳಿಸಿದರೂ ಅದು ಎಲ್ಲ ಅಡಿಗೂ ಒಂದೇ ಅಲ್ಲ. ಆಳ ಹೆಚ್ಚಿದಂತೆ ನೂರು ಅಡಿಗೊಮ್ಮೆ ಏರುತ್ತದೆ. ದರ ಊರಿಂದ ಊರಿಗೆ ಬೇರೆಯಾದ್ದರಿಂದ ಕೆಳಗಿನದನ್ನು ಬರೀ ಉದಾಹರಣೆಯಾಗಿ ನೋಡಿ. ಮೊದಲ 300 ಅಡಿಗೆ 90 ರೂಪಾಯಿಯಂತೆ 27,000. ಮುಂದಿನ ನೂರಕ್ಕೆ 100ರಂತೆ 10,000, ಅದರ ಮುಂದಿನ ನೂರಕ್ಕೆ 110ರಂತೆ 11,000, ಆರನೆಯ ನೂರಕ್ಕೆ 125ರಂತೆ 12,500. ಅಲ್ಲಿಗೆ 600 ಅಡಿಗೆ 60,500 ಆಯಿತು. ಅಲ್ಲಿಂದ ಮುಂದೆ ನೂರು ನೂರು ಅಡಿಗೆ 145, 170, 200, 240 ಎಂದು ಏರಿದರೆ 600ರಿಂದ 1000 ಅಡಿಗೆ ಹೋಗಲು 75,500 ಬೇಕು. ಕೊನೆಯ ನಾನೂರು ಅಡಿ ಮೊದಲ ಆರುನೂರಕ್ಕಿಂತ ದುಬಾರಿ. ಮೇಲಿನ ಮಣ್ಣು ಬೋರಿನೊಳಗೆ ಕುಸಿಯದಂತೆ ಇಳಿಸುವ ಕೇಸಿಂಗ್ ಪೈಪು ಇದರಲ್ಲಿ ಸೇರಿಲ್ಲ. ಆ 75,500ನ್ನು ನೂರಕ್ಕೆ ಮೂರು ರೂಪಾಯಿ ಬಡ್ಡಿಗೆ ತಂದರೆ ತಿಂಗಳಿಗೆ 2,265 ರೂಪಾಯಿ ಬಡ್ಡಿಯೇ ಆಗುತ್ತದೆ. ನೀರು ಬರಲಿ ಬಿಡಲಿ, ಬಡ್ಡಿ ಬಿಡುವುದಿಲ್ಲ.

ದುಡ್ಡು ಹೀಗೆ ಏರುವಾಗ ನೀರು ಸಿಗುವ ಸಾಧ್ಯತೆಯೂ ಏರುತ್ತದೆಯೇ? ನಮ್ಮ ರಾಜ್ಯದ ಬಹುಭಾಗ ಗಟ್ಟಿ ಕಲ್ಲಿನ ನಾಡು. ದಕ್ಷಿಣದಲ್ಲಿ ನೈಸ್ ಎಂಬ ಪಟ್ಟೆಪಟ್ಟೆಯ ಕಲ್ಲು, ಗ್ರಾನೈಟು. ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿ ಕಡೆ ಪದರ ಪದರವಾದ ಕರಿಕಲ್ಲು. ಈ ಕಲ್ಲಿನ ಮೈಯೊಳಗೆ ನೀರಿಲ್ಲ. ಮೇಲಿನ ಗರಸು, ಮೆತ್ತನೆ ಕಲ್ಲಿನ ಪದರದಲ್ಲಿ ಒಂದಿಷ್ಟಿರುತ್ತದೆ. ಅದರ ಕೆಳಗೆ ಇರುವುದೆಲ್ಲ ಬಿರುಕಿನಲ್ಲಿ, ಅಂದರೆ ನಮ್ಮವರು 'ಗ್ಯಾಪ್' ಎನ್ನುವುದರಲ್ಲಿ. ಕೆಳಗೆ ಹೋದಷ್ಟೂ ಮೇಲಿನ ಬಂಡೆಯ ಭಾರಕ್ಕೆ ಬಿರುಕುಗಳು ಬಿಗಿಯುತ್ತವೆ, ಅವುಗಳ ಸಂಖ್ಯೆಯೂ ಕಡಿಮೆಯಾಗುತ್ತದೆ. ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಸಾವಿರ ಅಡಿ ದಾಟಿ ನೀರು ಸಿಕ್ಕ ಬೋರುಗಳಿವೆ, ಇಲ್ಲವೆನ್ನುವುದಿಲ್ಲ. ಆದರೆ ಸಿಕ್ಕವನ ಸುದ್ದಿ ಊರೂರು ಸುತ್ತುತ್ತದೆ, ಸಿಗದವನ ಸುದ್ದಿ ಅವನ ಹೊಲದಲ್ಲೇ ಉಳಿಯುತ್ತದೆ. "ಆಳ ಹೋದರೆ ಸಿಕ್ಕೇ ಸಿಗುತ್ತದೆ" ಎಂಬ ನಂಬಿಕೆ ಹುಟ್ಟಿದ್ದು ಹೀಗೆ. ಇನ್ನೊಂದು ವಿಷಯ. ಪಾವಗಡ, ಬಾಗೇಪಲ್ಲಿಯಂಥ ಕಡೆ ಆಳದ ನೀರಿನಲ್ಲಿ ಫ್ಲೋರೈಡ್ ಇರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಮ್ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರ ತನಕ ಸಹಿಸಬಹುದು ಎಂಬುದು ಭಾರತೀಯ ಮಾನಕ. ಆಳದ ಬೋರಿನಿಂದ ಮನೆಗೂ ನೀರು ಎಳೆದುಕೊಳ್ಳುವವರು ಮೊದಲು ಪರೀಕ್ಷೆ ಮಾಡಿಸಬೇಕು.

ಹಾಗಾದರೆ ನಿಲ್ಲಿಸುವ ಅಡಿಯನ್ನು ಯಾವ ಆಧಾರದ ಮೇಲೆ ಬರೆಯುವುದು? ಅಕ್ಕಪಕ್ಕದ ಬೋರುಗಳ ಆಧಾರದ ಮೇಲೆ. ನಿಮ್ಮ ಜಾಗದ ಸುತ್ತ ಸುಮಾರು ಅರ್ಧ ಕಿಲೋಮೀಟರ್ ಒಳಗೆ ಇರುವ ಬೋರುಗಳನ್ನೆಲ್ಲ, ನೀರು ಸಿಗದೆ ಕೆಟ್ಟವನ್ನೂ ಸೇರಿಸಿ, ಪಟ್ಟಿ ಮಾಡಿ. ಹತ್ತು ಸಿಕ್ಕರೆ ಒಳ್ಳೆಯದು. ಪ್ರತಿಯೊಂದಕ್ಕೂ ಕೇಳಬೇಕಾದ್ದು: ಯಾವ ವರ್ಷ ಕೊರೆಸಿದ್ದು, ಕೇಸಿಂಗ್ ಎಷ್ಟು ಅಡಿ ಇಳಿಯಿತು, ಗ್ಯಾಪ್ ಎಷ್ಟನೇ ಅಡಿಗೆ ಸಿಕ್ಕಿತು, ಒಟ್ಟು ಆಳ ಎಷ್ಟು, ಆಗ ಎಷ್ಟು ನೀರಿತ್ತು, ಕಳೆದ ಮೇ ತಿಂಗಳಲ್ಲಿ ಎಷ್ಟಿತ್ತು. ಒಟ್ಟು ಆಳವನ್ನೂ ಗ್ಯಾಪಿನ ಆಳವನ್ನೂ ಒಂದೇ ಎಂದು ತಿಳಿಯಬೇಡಿ. "ನಮ್ದು ಎಂಟ್ನೂರು ಅಡಿ" ಎನ್ನುವವರ ಬೋರಿನಲ್ಲಿ ನೀರು 430ಕ್ಕೇ ಸಿಕ್ಕಿ, ಮಿಕ್ಕ 370 ಅಡಿ ಬರೀ ಆಸೆಗೆ ಹೋಗಿರಬಹುದು. ಈ ಕೆಲಸಕ್ಕೆ ಎರಡು ಸಂಜೆ ಸಾಕು, ಖರ್ಚೇನಿಲ್ಲ. ಇದನ್ನು ಮಾಡುವವರು ಮಾತ್ರ ತೀರ ಕಡಿಮೆ.

ಹತ್ತು ಬೋರಿನಲ್ಲಿ ಆರಕ್ಕೆ ನೀರು ಸಿಕ್ಕಿದೆ, ಆರರಲ್ಲಿ ಐದಕ್ಕೆ ಗ್ಯಾಪ್ 350ರಿಂದ 520 ಅಡಿಯೊಳಗೆ, ಒಂದಕ್ಕೆ ಮಾತ್ರ 810ಕ್ಕೆ ಎಂದಿಟ್ಟುಕೊಳ್ಳಿ. ಆಗ ನಿಮ್ಮ ಕಾಗದದ ಮೇಲೆ ಬರಬೇಕಾದ್ದು 520ಕ್ಕೆ ಒಂದೆರಡು ರಾಡ್ ಸೇರಿಸಿ 560. ಆ 810ರ ಬೋರನ್ನು ನೋಡಿ ತೀರ್ಮಾನ ಮಾಡಬೇಡಿ. ಇನ್ನು ಹತ್ತರಲ್ಲಿ ನಾಲ್ಕು ಕೆಟ್ಟಿವೆ ಎಂದರೆ, ಒಂದು ಬೋರಿಗೆ ಒಂದೂವರೆ ಲಕ್ಷ ಖರ್ಚಾದರೂ ಒಂದು ನೀರಿನ ಬೋರು ಸರಾಸರಿ ಬೀಳುವುದು ಎರಡೂವರೆ ಲಕ್ಷಕ್ಕೆ. ಕೈಯಲ್ಲಿರುವುದು ಒಂದೂವರೆ ಲಕ್ಷವೇ ಆದರೆ ಕೊರೆಸಬೇಕೋ ಬೇಡವೋ ಎಂಬುದನ್ನು ಈ ಎರಡೂವರೆಯ ಲೆಕ್ಕದಲ್ಲಿ ಯೋಚಿಸಿ.

"ಮೂರು ಬೋರು ಫೇಲ್ ಆಯ್ತು, ನಾಲ್ಕನೇದು ಆಗ್ಲೇಬೇಕು" ಎಂಬ ಮಾತಿನ ಬಗ್ಗೆಯೂ ಹೇಳಬೇಕು. ಬಂಡೆಗೆ ನಿಮ್ಮ ಹಿಂದಿನ ಮೂರು ಬೋರುಗಳ ನೆನಪಿಲ್ಲ. ಮೂರು ಕಡೆ ಬಿರುಕಿಲ್ಲ ಎಂದು ಗೊತ್ತಾದ ಹೊಲದಲ್ಲಿ ನಾಲ್ಕನೆಯದಕ್ಕೆ ಸಾಧ್ಯತೆ ಇನ್ನೂ ಕಡಿಮೆ ಎಂದೇ ತಿಳಿಯಬೇಕು. ಹೊಸ ಮಾಹಿತಿ ಇಲ್ಲದೆ, ಅಂದರೆ ಹೊಸ ಸರ್ವೆಯಾಗಲಿ ಬೇರೆ ಜಾಗವಾಗಲಿ ಇಲ್ಲದೆ, ನಾಲ್ಕನೆಯದಕ್ಕೆ ಕೈ ಹಾಕಬೇಡಿ.

ಪಾಯಿಂಟ್ ಮಾಡಿಸುವ, ಅಂದರೆ ಕೊರೆಸುವ ಜಾಗ ಗುರುತು ಮಾಡಿಸುವ ವಿಷಯ ಸೂಕ್ಷ್ಮವಾದದ್ದು. ತೆಂಗಿನಕಾಯಿ ಅಂಗೈ ಮೇಲೆ ಎದ್ದು ನಿಲ್ಲುವುದು, ಬೇವಿನ ಕವೆಗೋಲು ಬಾಗುವುದು, ಈಶಾನ್ಯ ಮೂಲೆ, ಮುಹೂರ್ತ, ಇವನ್ನೆಲ್ಲ ಪಾಲಿಸಿದವರಿಗೆ ತಾವು ತುಂಬ ಎಚ್ಚರ ವಹಿಸಿದೆವು ಎನಿಸುತ್ತದೆ. ಗಂಗಮ್ಮನ ಪೂಜೆಗೆ ನಮ್ಮ ಅಡ್ಡಿಯಿಲ್ಲ, ಅದು ನಮ್ಮ ಶ್ರದ್ಧೆ. ಆದರೆ ಕಾಯಿ ನಿಲ್ಲುವುದಕ್ಕೂ ನೆಲದೊಳಗಿನ ನೀರಿಗೂ ಸಂಬಂಧವಿದೆ ಎಂದು ಯಾವ ಪರೀಕ್ಷೆಯೂ ತೋರಿಸಿಲ್ಲ. ಎಚ್ಚರದಂತೆ ಕಾಣುವ, ಆದರೆ ಏನನ್ನೂ ತಿಳಿಸದ ಕೆಲಸ ಅವಸರಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ. ಅದು ಕೊಡುವ ಧೈರ್ಯದಲ್ಲೇ ಜನ 900 ಅಡಿಗೆ ಇಳಿಯುತ್ತಾರೆ. ಭೂಭೌತ ಸರ್ವೆ ಮಾಡುವವರು ನೆಲಕ್ಕೆ ನಾಲ್ಕು ಕಂಬಿ ನೆಟ್ಟು ಕರೆಂಟ್ ಹಾಯಿಸಿ, ನೆಲ ಅದನ್ನು ಎಷ್ಟು ತಡೆಯುತ್ತದೆ ಎಂದು ಅಳೆಯುತ್ತಾರೆ. ಕಂಬಿಗಳನ್ನು ದೂರ ದೂರ ಮಾಡಿದಂತೆ ಹೆಚ್ಚು ಆಳದ ಸುಳಿವು ಸಿಗುತ್ತದೆ. ಮೆತ್ತನೆ ಪದರ ಎಷ್ಟು ದಪ್ಪ, ಗಟ್ಟಿ ಬಂಡೆ ಎಲ್ಲಿಂದ ಶುರು ಎಂಬುದು ಇದರಲ್ಲಿ ಚೆನ್ನಾಗಿ ತಿಳಿಯುತ್ತದೆ. ಆದರೆ ಇದಕ್ಕೂ ಮಿತಿಯಿದೆ. ಜೇಡಿಮಣ್ಣು, ಉಪ್ಪುನೀರು ಕೂಡ ಒಳ್ಳೆಯ ನೀರಿನಂತೆಯೇ ಕಾಣಬಹುದು. 700 ಅಡಿಯಲ್ಲಿರುವ ಬೆರಳಗಲದ ಬಿರುಕನ್ನು ಈ ಯಂತ್ರ ಕಾಣಲಾರದು. "650ಕ್ಕೆ ಮೂರಿಂಚು ನೀರು ಗ್ಯಾರಂಟಿ" ಎಂದು ಹೇಳುವ ಸರ್ವೆಯವರನ್ನು ನಂಬಬೇಡಿ. ಸರ್ವೆಯಿಂದ ಮುಖ್ಯ ಲಾಭ ಯಾವ ಜಾಗ ಬೇಡ ಎಂದು ತಿಳಿಯುವುದು. ಅದರ ಶುಲ್ಕ ಸಾಮಾನ್ಯವಾಗಿ ಕೊನೆಯ ನೂರು ಅಡಿಯ ಖರ್ಚಿನೊಳಗೇ ಇರುತ್ತದೆ. ಹಾಗೆಯೇ ನಾಲ್ಕು ಜನರಿಂದ ನಾಲ್ಕು ಪಾಯಿಂಟ್ ಮಾಡಿಸಿ, ಕೊನೆಗೆ ಗಾಡಿ ನಿಲ್ಲಲು ಅನುಕೂಲವಾದ ಕಡೆ ಕೊರೆಸುವುದೂ ಉಂಟು. ಒಬ್ಬರನ್ನು ಕರೆಸಿ, ಅವರಿಗೆ ನಿಮ್ಮ ಹತ್ತು ಬೋರಿನ ಪಟ್ಟಿ ತೋರಿಸಿ.

ಈಗ ಹೊಸ ಬೋರಿನ ಮಾತು ಬದಿಗಿಟ್ಟು, ಹಳೆಯದರ ಬಗ್ಗೆ ಸ್ವಲ್ಪ ವಿವರವಾಗಿ ಬರೆಯಬೇಕು. ಅವಸರದ ಕೊರೆತಗಳಲ್ಲಿ ಎಷ್ಟೋ ಶುರುವಾಗುವುದು "ಬೋರು ಹೋಯ್ತು" ಎಂಬ ತಪ್ಪು ತೀರ್ಮಾನದಿಂದ. ಇಪ್ಪತ್ತು ನಿಮಿಷ ಜೋರಾಗಿ ಬಂದು ಆಮೇಲೆ ಗಾಳಿ ಉಗುಳಿದರೆ ಬೋರು ಹೋಯಿತು ಎನ್ನುತ್ತಾರೆ. ಲೆಕ್ಕ ನೋಡಿ. ಆರೂವರೆ ಇಂಚಿನ ಬೋರಿನಲ್ಲಿ ಒಂದು ಅಡಿ ಎತ್ತರಕ್ಕೆ ಸುಮಾರು ಆರೂವರೆ ಲೀಟರ್ ನೀರು ನಿಲ್ಲುತ್ತದೆ. ಪಂಪಿನ ಮೇಲೆ 200 ಅಡಿ ನೀರು ನಿಂತಿದ್ದರೆ 1,300 ಲೀಟರ್. ಗ್ಯಾಪಿನಿಂದ ಸೆಕೆಂಡಿಗೆ 0.8 ಲೀಟರ್ ಬರುತ್ತಿದೆ, ನೀವು ಇಳಿಸಿರುವ ದೊಡ್ಡ ಮೋಟರು 1.8 ಲೀಟರ್ ಎಳೆಯುತ್ತಿದೆ. ಸೆಕೆಂಡಿಗೆ ಒಂದು ಲೀಟರ್ ಕೊರತೆ. 1,300 ಸೆಕೆಂಡ್, ಅಂದರೆ ಇಪ್ಪತ್ತೆರಡು ನಿಮಿಷದಲ್ಲಿ ಬೋರು ಬರಿದು. ಇಲ್ಲಿ ಬೋರು ಸತ್ತಿಲ್ಲ. ಗಂಟೆಗೆ 2,900 ಲೀಟರ್ ಕೊಡುವ ಬೋರಿಗೆ ಅದು ತಡೆಯದ ಮೋಟರನ್ನು ಕೂರಿಸಲಾಗಿದೆ.

ಆ ಬೋರಿಗೆ ಎಷ್ಟು ಅಶ್ವಶಕ್ತಿಯ ಮೋಟರು, ಅಂದರೆ ಎಷ್ಟು ಎಚ್‌ಪಿ ಸಾಕು? ಸೆಕೆಂಡಿಗೆ ಎಷ್ಟು ಲೀಟರ್ ಎಂಬುದನ್ನು ಎತ್ತಬೇಕಾದ ಮೀಟರಿನಿಂದ ಗುಣಿಸಿ 75ರಿಂದ ಭಾಗಿಸಿ. 0.8 ಲೀಟರ್, 200 ಮೀಟರ್ (ಸುಮಾರು 650 ಅಡಿ) ಎಂದರೆ 2.1 ಬರುತ್ತದೆ. ಪಂಪು ಮೋಟರುಗಳಲ್ಲಿ ಹೆಚ್ಚುಕಡಿಮೆ ಅರ್ಧ ಶಕ್ತಿ ನಷ್ಟವಾಗುವುದರಿಂದ ಅದನ್ನು ಎರಡರಿಂದ ಗುಣಿಸಿ. ನಾಲ್ಕಕ್ಕಿಂತ ಸ್ವಲ್ಪ ಹೆಚ್ಚು, ಅಂದರೆ 5 ಎಚ್‌ಪಿ. "ಪಕ್ಕದವರದು ಹತ್ತು ಎಚ್‌ಪಿ" ಎಂದು ಹತ್ತನ್ನೇ ತಂದರೆ ನೀರಿಲ್ಲದೆ ಓಡಿ ವೈಂಡಿಂಗ್ ಸುಡುತ್ತದೆ, ಮರಳು ಎಳೆದು ಪಂಪಿನೊಳಗೆ ನೀರು ತಳ್ಳುವ ಚಕ್ರ (ಇಂಪೆಲ್ಲರ್) ಸವೆಯುತ್ತದೆ. ನೀರು ಮುಗಿದಾಗ ತಾನೇ ನಿಲ್ಲುವ ಡ್ರೈ ರನ್ ಸಾಧನವನ್ನು ಪ್ಯಾನೆಲ್ ಬೋರ್ಡಿಗೆ ಹಾಕಿಸುವುದು ಹೊಸ ವೈಂಡಿಂಗಿಗಿಂತ ಅಗ್ಗ.

ಹಾಗಾಗಿ ನೀರು ಕಡಿಮೆಯಾದಾಗ ಹೊಸ ಬೋರಿನ ಏಜೆಂಟನಿಗೆ ಫೋನ್ ಮಾಡುವ ಮುಂಚೆ ಹಳೆಯದನ್ನು ಒಂದು ದಿನ ಪರೀಕ್ಷಿಸಿ. ರಾತ್ರಿಯಿಡೀ ಮೋಟರ್ ನಿಲ್ಲಿಸಿ, ಬೆಳಿಗ್ಗೆ ಕೇಸಿಂಗ್ ಬಾಯಿಂದ ಭಾರ ಕಟ್ಟಿದ ಹುರಿ ಇಳಿಸಿ ನೀರು ಎಷ್ಟು ಅಡಿಗಿದೆ ನೋಡಿ. ಕೇಬಲ್ಲಿಗೆ ತೊಡರದಂತೆ ನಿಧಾನವಾಗಿ ಇಳಿಸಬೇಕು. ಆಮೇಲೆ ಮೋಟರ್ ಹಾಕಿ 200 ಲೀಟರಿನ ಡ್ರಮ್ ಎಷ್ಟು ಸೆಕೆಂಡಿಗೆ ತುಂಬುತ್ತದೆ ಎಂದು ಅರ್ಧ ಗಂಟೆಗೊಮ್ಮೆ ಬರೆಯಿರಿ. 100 ಸೆಕೆಂಡಿಗೆ ತುಂಬಿದರೆ ಗಂಟೆಗೆ 7,200 ಲೀಟರ್, 250 ಸೆಕೆಂಡಾದರೆ 2,880. ನೀರಿನ ಮಟ್ಟ ಮೇಲೆಯೇ ಇದ್ದು ಡ್ರಮ್ ಮಾತ್ರ ನಿಧಾನ ತುಂಬುತ್ತಿದ್ದರೆ ದೋಷ ಪಂಪಿನಲ್ಲಿದೆ. ಪೈಪಿನ ಜಾಯಿಂಟ್ ಸೋರುತ್ತಿರಬಹುದು, ವಾಲ್ವ್ ಹೋಗಿರಬಹುದು, ವೋಲ್ಟೇಜ್ ಕಡಿಮೆ ಇರಬಹುದು. ಮೊದಲು ಜೋರಾಗಿ ಬಂದು ಆಮೇಲೆ ಒಂದೇ ಸಮ ಸಣ್ಣಗೆ ನಿಂತರೆ, ಆ ಸಣ್ಣ ಧಾರೆಯೇ ಬೋರಿನ ನಿಜವಾದ ಶಕ್ತಿ. ಮೋಟರನ್ನು ಅದಕ್ಕೆ ತಕ್ಕಂತೆ ಬದಲಿಸಿ. ಹೂಳು ತುಂಬಿದ್ದರೆ ಕಂಪ್ರೆಸರ್‌ನಿಂದ ಫ್ಲಶಿಂಗ್ ಮಾಡಿಸಿ.

ಇಂಚಿನ ಲೆಕ್ಕವೂ ಜನರನ್ನು ದಾರಿ ತಪ್ಪಿಸುತ್ತದೆ. ವಿ ಆಕಾರದ ತಗಡಿನ ಕಚ್ಚಿನಲ್ಲಿ ಹರಿಯುವ ನೀರಿನ ಎತ್ತರವಾಗಿ ಅಳೆದ ಒಂದಿಂಚು ಗಂಟೆಗೆ ಸುಮಾರು 500 ಲೀಟರ್, ಎರಡಿಂಚು 2,900, ಮೂರಿಂಚು 8,000. ಎರಡಿಂಚು ಒಂದಿಂಚಿನ ಎರಡರಷ್ಟಲ್ಲ, ಐದೂವರೆ ಪಟ್ಟಿಗಿಂತಲೂ ಹೆಚ್ಚು. ಕೆಲವರು ಪೈಪಿನ ಅಳತೆಯನ್ನೇ ಇಂಚು ಎನ್ನುತ್ತಾರೆ, ಇನ್ನು ಕೆಲವರದು ಕಣ್ಣಂದಾಜು. ಆದ್ದರಿಂದ ಇಂಚು ಬಿಟ್ಟು ಲೀಟರಿನಲ್ಲಿ ಮಾತಾಡಿ. ಗಾಡಿ ನಿಂತಿರುವಾಗ ಚಿಮ್ಮುವ ನೀರನ್ನು ನೋಡಿ ಹಿಗ್ಗುವುದೂ ಬೇಡ. ಅದು ಕಂಪ್ರೆಸರ್ ಗಾಳಿ ಒಮ್ಮೆಲೇ ಎತ್ತಿ ಎಸೆಯುವ ನೀರು. ಅರ್ಧ ಗಂಟೆಯಾದರೂ ಬಿಡದೆ ಗಾಳಿ ಹಾಯಿಸಿ ಆಮೇಲೆ ಅಳೆಯಿರಿ.

ಲೀಟರಿನಲ್ಲಿ ಯೋಚಿಸಿದರೆ ನಿಲ್ಲಿಸುವ ತೀರ್ಮಾನವೂ ಸುಲಭವಾಗುತ್ತದೆ. ಒಂಬತ್ತು ಅಡಿ ಅಂತರದ ಅಡಿಕೆ ತೋಟದಲ್ಲಿ ಎಕರೆಗೆ ಸುಮಾರು 537 ಗಿಡ. ಡ್ರಿಪ್ಪಿನಲ್ಲಿ ಬೇಸಿಗೆಗೆ ಗಿಡಕ್ಕೆ ದಿನಕ್ಕೆ 20 ಲೀಟರ್ ಎಂದರೆ 10,740 ಲೀಟರ್ ಬೇಕು. ಗಂಟೆಗೆ 2,900 ಲೀಟರಿನ ಬೋರು ಇದನ್ನು ನಾಲ್ಕು ಗಂಟೆಯೊಳಗೆ ಕೊಡುತ್ತದೆ. ತ್ರೀ ಫೇಸ್ ಕರೆಂಟ್ ಏಳು ಗಂಟೆ ಇದ್ದರೆ ಹೆಚ್ಚುಕಡಿಮೆ ಎರಡು ಎಕರೆಗೆ ಆಯಿತು. 470 ಅಡಿಗೆ ಎರಡಿಂಚು ಸಿಕ್ಕಾಗ "ಇಷ್ಟೇನಾ, ಇನ್ನೂ ಬಿಡಿ" ಎಂದು 800ಕ್ಕೆ ಹೋಗುವವರು ತಮಗೆ ಎಷ್ಟು ಬೇಕು ಎಂಬ ಲೆಕ್ಕವನ್ನೇ ಮಾಡಿರುವುದಿಲ್ಲ. ಕಾಗದದ ಮೇಲೆ ಎರಡು ಅಂಕಿ ಇರಲಿ: ನೀರು ಸಿಗದಿದ್ದರೆ ಎಷ್ಟು ಅಡಿಗೆ ನಿಲ್ಲಿಸುವುದು, ಮತ್ತು ಗಂಟೆಗೆ ಎಷ್ಟು ಲೀಟರ್ ಸಿಕ್ಕರೆ ಅಲ್ಲಿಗೇ ನಿಲ್ಲಿಸುವುದು.

ಗಾಡಿಯವರ ಜೊತೆ ಮಾತು ಬರಹದಲ್ಲಿರಲಿ. ನೂರು ನೂರು ಅಡಿಯ ದರ, ಕೇಸಿಂಗ್ ಅಡಿಗೆ ಎಷ್ಟು, ಕೊನೆಯಲ್ಲಿ ಗಾಳಿ ಹಾಯಿಸಲು ಗಂಟೆ ಲೆಕ್ಕದ ಹಣ ಉಂಟೇ, ರಾಡಿನ ತುದಿಯಲ್ಲಿ ಕಲ್ಲು ಒಡೆಯುವ ಹ್ಯಾಮರ್ ಒಳಗೆ ಸಿಕ್ಕಿಹಾಕಿಕೊಂಡರೆ ನಷ್ಟ ಯಾರದು, ಎಲ್ಲವನ್ನೂ ಹಗಲಿನಲ್ಲೇ ಕೇಳಿ ಬರೆಸಿಕೊಳ್ಳಿ. ಕೇಸಿಂಗ್ ಗಟ್ಟಿ ಬಂಡೆಯೊಳಗೆ ಒಂದೆರಡು ಅಡಿಯಾದರೂ ಕೂರಬೇಕು. ದುಡ್ಡು ಉಳಿಸಲು ಒಂದು ಪೈಪು ಕಡಿಮೆ ಮಾಡಿದರೆ ಮೇಲಿನ ಮಣ್ಣು ಕುಸಿದು ಇಡೀ ಬೋರು ಹಾಳು. ಆಳ ತಿಳಿಯಲು ರಾಡ್ ಎಣಿಸಿ. ಒಂದು ರಾಡು ಸಾಮಾನ್ಯವಾಗಿ 20 ಅಡಿ, ಆದರೂ ಶುರುವಿಗೆ ಮುಂಚೆ ಟೇಪು ಹಿಡಿದು ನೋಡಿ. ಮನೆಯ ಒಬ್ಬರು ಬೇರೆ ಕೆಲಸ ಬಿಟ್ಟು, ರಾಡ್ ಒಂದು ಇಳಿದಾಗ ಹುಣಸೆ ಬೀಜ ಒಂದನ್ನು ಬಟ್ಟಲಿಗೆ ಹಾಕುತ್ತ ಕೂರಲಿ. ಇಪ್ಪತ್ತೆಂಟು ಬೀಜ ಆದರೆ 560 ಅಡಿ. ಬೀಜ ಎಣಿಸುವವರ ಕೈಯಲ್ಲೇ ಆ ಕಾಗದವೂ ಇರಲಿ. ನಿಲ್ಲಿಸಿ ಎನ್ನುವ ಅಧಿಕಾರವನ್ನೂ ಅವರಿಗೇ ಕೊಡಿ. ಆ ಹೊತ್ತಿನಲ್ಲಿ ಸಾಲ ತಂದ ಯಜಮಾನನಿಗಿಂತ ಮನೆಯ ಅಕ್ಕನೋ ಸೊಸೆಯೋ ಹೆಚ್ಚು ಸ್ಥಿರವಾಗಿರುತ್ತಾರೆ. ಕಾಗದ ಬದಲಿಸಲು ಒಂದೇ ಕಾರಣ ಒಪ್ಪಬಹುದು: ಕೊನೆಯ ರಾಡಿನಲ್ಲಿ ಪುಡಿ ಒದ್ದೆಯಾಗಿ ಬಂದು, ಕಲ್ಲಿನ ಬಣ್ಣ ಬದಲಾಗಿದ್ದರೆ ಇನ್ನೊಂದೇ ರಾಡು. ಅದನ್ನೂ ಮೊದಲೇ ಬರೆದಿಡಿ.

ಇಷ್ಟು ಹೇಳಿದ್ದನ್ನು ಕಾಯುತ್ತ ಕೂರಿ ಎಂದು ತಿಳಿಯಬಾರದು. ಅತಿ ಎಚ್ಚರದಿಂದಲೂ ತೋಟಗಳು ಹೋಗಿವೆ. ನೋಡೋಣ, ಮಳೆ ಬರಬಹುದು, ಮುಂದಿನ ಅಮಾವಾಸ್ಯೆ ಕಳೆಯಲಿ ಎಂದು ತಳ್ಳುತ್ತ ಏಪ್ರಿಲ್ ಬಂದಾಗ ಗಾಡಿ ಸಿಗುವುದಿಲ್ಲ, ದರ ಏರಿರುತ್ತದೆ, ಗಿಡದ ಸೋಗೆ ಬಾಗಿರುತ್ತದೆ. ಆಗ ಮಾಡುವ ತೀರ್ಮಾನವೇ ಅತ್ಯಂತ ಅವಸರದ್ದು. ತಡ ಮಾಡಿದವನೂ ಕೊನೆಗೆ ಆ ಅರ್ಧ ನಿಮಿಷಕ್ಕೇ ಬಂದು ನಿಲ್ಲುತ್ತಾನೆ. ಫೆಬ್ರವರಿಯಲ್ಲೇ ಡ್ರಮ್ಮಿನ ಲೆಕ್ಕ ತೆಗೆದು, ನೀರು ಸಾಲದು ಎಂದು ಕಂಡರೆ ಆಗಲೇ 500 ಗಿಡದಲ್ಲಿ ಯಾವ 300 ಉಳಿಸುವುದು ಎಂದು ಗುರುತು ಹಾಕಿ, ಬುಡಕ್ಕೆ ಸೋಗೆ ಹೊದಿಸಿ. 5,000 ಲೀಟರ್ ಟ್ಯಾಂಕರ್ ನೀರು ಗಿಡಕ್ಕೆ 20 ಲೀಟರಿನಂತೆ 250 ಗಿಡಕ್ಕೆ ಬರುತ್ತದೆ. ಆ ಖರ್ಚನ್ನೂ ಬೋರಿನ ಖರ್ಚನ್ನೂ ಪಕ್ಕಪಕ್ಕ ಬರೆದು ನೋಡಿ.

ಕೊರೆಸುವ ಕಾಲದ ಬಗ್ಗೆ ಒಂದು ಮಾತು. ಮಳೆಗಾಲ ಮುಗಿದ ಮೇಲೆ ಕೊರೆಸಿದರೆ ಮೇಲಿನ ಪದರದ ನೀರೂ ಸೇರಿ ಬೋರು ಚೆನ್ನಾಗಿ ಕಾಣುತ್ತದೆ, ಮೇ ತಿಂಗಳಲ್ಲಿ ಅದು ಅರ್ಧವಾಗಬಹುದು. ಮೇ ತಿಂಗಳಲ್ಲೇ ಕೊರೆಸಿದರೆ ಕಂಡದ್ದು ನಿಜ, ಆದರೆ ತಲೆ ತಣ್ಣಗಿರುವುದಿಲ್ಲ. ಪಕ್ಕದ ಬೋರುಗಳ ಪಟ್ಟಿಯನ್ನು ಮೇ ತಿಂಗಳಲ್ಲಿ ಮಾಡಿ, ಕೊರೆಸುವುದನ್ನು ಮುಂದಿನ ಡಿಸೆಂಬರ್, ಜನವರಿಗೆ ಇಟ್ಟುಕೊಳ್ಳುವುದು ನಮ್ಮ ಸಲಹೆ. ಮತ್ತೆ, ನೀರು ಸಿಕ್ಕ ಖುಷಿಯಲ್ಲಿ ಆ ವರ್ಷವೇ ಅಡಿಕೆ ನೆಡಬೇಡಿ. ಫಲ ಬರಲು ಐದಾರು ವರ್ಷ ಬೇಕಾದ ಬೆಳೆಯನ್ನು ಒಂದು ಬೇಸಿಗೆಯನ್ನೂ ಕಾಣದ ಬೋರಿನ ಮೇಲೆ ಹೂಡುವುದು ರಾತ್ರಿಯ ಐದು ರಾಡಿಗಿಂತ ದೊಡ್ಡ ದುಡುಕು. ಒಂದು ಬೇಸಿಗೆ ರಾಗಿಯೋ ತರಕಾರಿಯೋ ಹಾಕಿ ನೋಡಿ.

ಕಾನೂನನ್ನು ಚಿಕ್ಕದಾಗಿ ಹೇಳುತ್ತೇವೆ. ಕುಡಿಯುವ ನೀರಿನ ಮೂಲ ಕಾಯುವ ರಾಜ್ಯದ 1999ರ ಕಾಯ್ದೆಯಂತೆ ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿಯಿಲ್ಲದೆ ಬಾವಿ ತೆಗೆಯುವಂತಿಲ್ಲ. 2011ರ ಅಂತರ್ಜಲ ಕಾಯ್ದೆಯಂತೆ ಅಧಿಸೂಚಿತ ಪ್ರದೇಶಗಳಲ್ಲಿ ಕೊರೆಸಲು ಮುಂಚಿತ ಅನುಮತಿ ಬೇಕು. ನೀರು ಸಿಗದ ಬೋರಿನ ಬಗ್ಗೆ ಮಾತ್ರ ಒತ್ತಿ ಹೇಳಬೇಕು. ನಿರಾಸೆಯಲ್ಲಿ ಎಲ್ಲರೂ ಮನೆಗೆ ಹೋಗಿ, ಗಾಡಿಯವರು ಕೇಸಿಂಗ್ ಕಿತ್ತುಕೊಂಡು ಹೊರಟು, ಬಾಯಿ ಹಾಗೇ ಉಳಿಯುತ್ತದೆ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಎರಡು ವರ್ಷದ ಮಗು ಅಂಥ ಬೋರಿಗೆ ಬಿದ್ದು, ಸುಮಾರು 20 ಗಂಟೆಗಳ ಕಾರ್ಯಾಚರಣೆಯ ಬಳಿಕ ಜೀವಂತವಾಗಿ ಹೊರಬಂತು. ಎಲ್ಲ ಮಕ್ಕಳಿಗೂ ಹಾಗಾಗಿಲ್ಲ. 2010ರ ಸುಪ್ರೀಂ ಕೋರ್ಟ್ ಮಾರ್ಗಸೂಚಿಯಂತೆ ಬೋರು ತೆಗೆಯುವ 15 ದಿನ ಮುಂಚೆ ಸ್ಥಳೀಯ ಅಧಿಕಾರಿಗಳಿಗೆ ತಿಳಿಸಬೇಕು, ಕೆಲಸದ ವೇಳೆ ಸುತ್ತ ಬೇಲಿ ಮತ್ತು ಫಲಕ ಇರಬೇಕು, ಬಾಯಿಗೆ ಬೆಸುಗೆ ಹಾಕಿದ ಉಕ್ಕಿನ ಮುಚ್ಚಳ ಅಥವಾ ಬೋಲ್ಟ್ ಹಾಕಿದ ಗಟ್ಟಿ ಕ್ಯಾಪ್ ಇರಬೇಕು, ಬಿಟ್ಟ ಬೋರನ್ನು ಜೇಡಿ, ಮರಳು, ಕಲ್ಲು, ಕೊರೆದ ಪುಡಿಯಿಂದ ತಳದಿಂದ ಮೇಲಿನ ತನಕ ತುಂಬಬೇಕು. ನಿಮ್ಮ ಕಾಗದದಲ್ಲಿ ಮೂರನೆಯ ಸಾಲು ಇದೇ ಆಗಿರಲಿ: ಮುಚ್ಚುವ ತನಕ ಗಾಡಿಗೆ ಬಾಕಿ ಹಣ ಇಲ್ಲ.

ಕೊನೆಯದಾಗಿ ಎರಡು ಬೇಡಿಕೆ. ಪ್ರತಿ ಗ್ರಾಮ ಪಂಚಾಯಿತಿಯೂ ತನ್ನ ವ್ಯಾಪ್ತಿಯ ಬೋರುಗಳ ಒಂದು ಪುಸ್ತಕ ಇಡಬೇಕು. ಸರ್ವೆ ನಂಬರ್, ಕೇಸಿಂಗ್, ಗ್ಯಾಪಿನ ಆಳ, ಒಟ್ಟು ಆಳ, ಲೀಟರ್, ವರ್ಷ. ಮುಖ್ಯವಾಗಿ ಕೆಟ್ಟವು. ಅದರ ಪ್ರತಿಯನ್ನು ನೋಟಿಸ್ ಬೋರ್ಡಿಗೆ ಹಚ್ಚಬೇಕು. ಎರಡನೆಯದು ತಮ್ಮ ಪತ್ರಿಕೆಗೆ. ರಾಜ್ಯದ ಅಂತರ್ಜಲ ನಿರ್ದೇಶನಾಲಯ ತಾಲ್ಲೂಕುಗಳಲ್ಲಿ ವೀಕ್ಷಣಾ ಬಾವಿಗಳ ನೀರಿನ ಮಟ್ಟವನ್ನು ನಿಯಮಿತವಾಗಿ ಅಳೆಯುತ್ತದೆ. ದಿನವೂ ಅಡಿಕೆ ಧಾರಣೆ ಅಚ್ಚು ಹಾಕುವ ಪುಟದಲ್ಲೇ ತಿಂಗಳಿಗೊಮ್ಮೆ ಆ ಮಟ್ಟವನ್ನೂ, ಹಿಂದಿನ ವರ್ಷದ ಅದೇ ತಿಂಗಳ ಅಂಕಿಯ ಪಕ್ಕದಲ್ಲಿ, ತಾಲ್ಲೂಕುವಾರು ಪ್ರಕಟಿಸಿ. ಜನವರಿಯಿಂದ ಶುರುವಾದರೆ ಆ ವರ್ಷದ ಬೇಸಿಗೆಗೇ ಉಪಯೋಗಕ್ಕೆ ಬರುತ್ತದೆ.

ಇಂತಿ,
ಅಂತರ್ಜಲ ಮತ್ತು ಪಂಪ್‌ಸೆಟ್ ಕೆಲಸದಲ್ಲಿರುವ ಓದುಗರು,
ತುಮಕೂರು ಜಿಲ್ಲೆ